ಮ್ಯಾಕ್ಸ್‌ವೆಲ್‌ನ ರಿಬ್ಬನ್ನು, ನಮ್ಮ ಬಾವುಟಗಳ ಬಣ್ಣ

ಹೋದ ಚುನಾವಣೆ ಹೊತ್ತಲ್ಲಿ ವಾಟ್ಸಾಪ್‌ಗೆ ಒಂದು ಫೋಟೊ ಬಂತು. ಮೆರವಣಿಗೆಯಲ್ಲಿ ಒಬ್ಬ ಹುಡುಗ, ಕೈಯಲ್ಲಿ ಹಸಿರು ಬಾವುಟ. ಬಟ್ಟೆಯ ಮಡಿಕೆ, ನೆರಳು, ಬಿಸಿಲಿನ ಹೊಳಪು ಎಲ್ಲ ಸರಿಯಾಗೇ ಇತ್ತು. ಆದರೆ ಅವನ ಬಿಳಿ ಅಂಗಿ ಮೇಲೆ ತೆಳುವಾಗಿ ನೀಲಿ ಛಾಯೆ ಬಿದ್ದಿತ್ತು. ಮೂಲ ಫೋಟೊ ಹುಡುಕಿದೆ. ಬಾವುಟ ನೀಲಿ! ಯಾರ ಮೇಲೆ ಗೂಬೆ ಕೂರಿಸೋಕೆ ಬಣ್ಣ ಬದಲಿಸಿದ್ರು ಅಂತ ಬಿಡಿಸಿ ಹೇಳಬೇಕಿಲ್ಲ.

ಸ್ಕ್ರೀನಿನ ಪ್ರತಿ ಚುಕ್ಕೆಯ ಬಣ್ಣವೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿ. ಎಡಿಟಿಂಗ್ ಸಾಫ್ಟ್‌ವೇರ್ ಅದರಿಂದ ಬಣ್ಣವನ್ನೂ ಬೆಳಕಿನ ಪ್ರಮಾಣವನ್ನೂ ಬೇರೆ ಮಾಡಿ, ಬಣ್ಣವನ್ನಷ್ಟೇ ತಿರುಗಿಸುತ್ತೆ. ಅದಕ್ಕೇ ಮಡಿಕೆ, ನೆರಳು ಹಾಗೇ ಉಳಿಯೋದು. ಬಣ್ಣವನ್ನು ಹೀಗೆ ಅಳತೆಗೆ ತಂದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಎಂಜಿನಿಯರಿಂಗ್‌ನಲ್ಲಿ ಅವನ ಸಮೀಕರಣಗಳನ್ನ ಉರು ಹೊಡೆದು ಪಾಸಾದ ನನಗೆ ಈ ಕಥೆ ಯಾರೂ ಹೇಳಿರಲಿಲ್ಲ.

1831ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದ. ಎಂಟನೇ ವಯಸ್ಸಿಗೇ ಅಮ್ಮನನ್ನು ಕಳೆದುಕೊಂಡ. ಇಪ್ಪತ್ತರ ಹರೆಯದಲ್ಲಿ ಬಣ್ಣದ ಕಾಗದ ಜೋಡಿಸಿದ ಬುಗುರಿ ತಿರುಗಿಸುತ್ತಾ, ಯಾವ ಮೂರು ಬಣ್ಣ ಎಷ್ಟೆಷ್ಟು ಬೆರೆತರೆ ಕಣ್ಣಿಗೆ ಏನು ಕಾಣುತ್ತೆ ಅಂತ ಅಳೆದ. 1860ರಲ್ಲಿ ಅಬರ್ಡೀನ್‌ನ ಎರಡು ಕಾಲೇಜು ವಿಲೀನವಾಗಿ ಅವನ ಕೆಲಸವೇ ಹೋಯ್ತು. ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದ. ಹೆಂಡತಿ ಕ್ಯಾಥರೀನ್ ಕೂಡ ಬಣ್ಣದ ಪ್ರಯೋಗಗಳಲ್ಲಿ ಕೂತು ನೋಡಿ ಅಳತೆ ಕೊಡ್ತಿದ್ದಳು.

1861ರ ಮೇ 17ರಂದು ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಒಂದು ಚೌಕಳಿ ರಿಬ್ಬನ್ನಿನ ಬಣ್ಣದ ಚಿತ್ರವನ್ನು ಪರದೆ ಮೇಲೆ ತೋರಿಸಿದ. ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳ ಮೂಲಕ ಥಾಮಸ್ ಸಟನ್ ತೆಗೆದ ಫೋಟೊಗಳನ್ನು ಒಂದರ ಮೇಲೊಂದು ಬೀಳಿಸಿದ್ದ.

ತಮಾಷೆ ಏನಂದ್ರೆ, ಆ ಕಾಲದ ಫೋಟೊ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಾದ್ರೆ ಕೆಂಪು ಬಂದಿದ್ದು ಎಲ್ಲಿಂದ? ನೂರು ವರ್ಷದ ನಂತರ ಸಂಶೋಧಕರು ಕೊಟ್ಟ ಉತ್ತರ: ಬಟ್ಟೆಯ ಕೆಂಪು ಬಣ್ಣ, ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನೂ ಪ್ರತಿಫಲಿಸುತ್ತೆ, ಅದು ಕೆಂಪು ಫಿಲ್ಟರ್ ದಾಟಿ ಪ್ಲೇಟಿಗೆ ಬಿದ್ದಿತ್ತು. ಸಿದ್ಧಾಂತ ಸರಿ, ಚಿತ್ರ ಒದಗಿದ್ದು ಅದೃಷ್ಟಕ್ಕೆ. ಕೆಂಪು, ಹಸಿರು ನೀಲಿಯಷ್ಟು ಚೆನ್ನಾಗಿ ಮೂಡಿಲ್ಲ ಅಂತ ಮ್ಯಾಕ್ಸ್‌ವೆಲ್ ಆಗಲೇ ಒಪ್ಪಿಕೊಂಡಿದ್ದ.

1879ರಲ್ಲಿ, 48ನೇ ವಯಸ್ಸಿಗೆ, ಅಮ್ಮನನ್ನು ಕೊಂದ ಹೊಟ್ಟೆಯ ಕ್ಯಾನ್ಸರೇ ಅವನನ್ನೂ ಕೊಂಡೊಯ್ತು.

ಮೊದಲ ಬಣ್ಣದ ಫೋಟೊದ ಕೆಂಪೇ ಪೂರ್ತಿ ಕೆಂಪಾಗಿರಲಿಲ್ಲ. ಆದ್ರೆ ಅದನ್ನ ತೋರಿಸಿದವನು ಕೊರತೆಯನ್ನೂ ಹೇಳಿದ್ದ. ನಮಗೆ ಫೋಟೊ ಕಳಿಸೋರು ಹೇಳಲ್ಲ. ಫಾರ್ವರ್ಡ್ ಮಾಡೋ ಮೊದಲು ಬಾವುಟ ಒಂದನ್ನೇ ನೋಡಬೇಡಿ, ಪಕ್ಕದ ಬಿಳಿ ಅಂಗಿಯನ್ನೂ ನೋಡಿ.