ಶಿಲಾಶಾಸನಗಳ ಸೇವಕರಾದ ಬಿ. ಎಲ್. ರೈಸರು

ಬೇಲೂರು ಹಳೇಬೀಡುಗಳ ಗುಡಿಗಳನ್ನೂ ಅರಸೀಕೆರೆಯ ಈಶ್ವರ ದೇವಾಲಯವನ್ನೂ ಕಂಡವರು ನಮ್ಮ ಓದುಗರಲ್ಲಿ ಅನೇಕರಿರುವರು. ಅಲ್ಲಿಯ ಶಾಸನಗಳನ್ನು ಓದಬಲ್ಲವರಾದರೋ ವಿರಳ. ಆ ಕಲ್ಲುಗಳ ಬರಹವನ್ನು ಓದಿಸಿ, ಅಚ್ಚು ಹಾಕಿಸಿ, ಲೋಕಕ್ಕೆ ತಿಳಿಯಪಡಿಸಿದವರು ಲಂಡನ್ ಮಿಶನಿನ ಒಬ್ಬ ಪಾದ್ರಿಯ ಮಗನಾದ ಬಿ. ಎಲ್. ರೈಸರು. ಅವರ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ಹೇಳುವೆವು.

ಲಂಡನ್ ಮಿಶನಿನವರು 1810ರಲ್ಲಿ ಬಳ್ಳಾರಿಯಲ್ಲಿಯೂ 1820ರಲ್ಲಿ ಬೆಂಗಳೂರಿನಲ್ಲಿಯೂ ಕೆಲಸಕ್ಕೆ ತೊಡಗಿದರು. ಸುವಾರ್ತೆಯನ್ನು ಸಾರುವುದೊಂದೇ ಅವರ ಕೆಲಸವಾಗಿರಲಿಲ್ಲ. ಹ್ಯಾಂಡ್ಸ್ ಪಾದ್ರಿಯವರು ಸತ್ಯವೇದವನ್ನು ಕನ್ನಡಕ್ಕೆ ತರುವುದಕ್ಕಾಗಿ ಬಹು ವರ್ಷ ದುಡಿದರು. ರೀವ್ ಪಾದ್ರಿಯವರ ಕನ್ನಡ ನಿಘಂಟು 1832ರಲ್ಲಿ ಅಚ್ಚಾಯಿತು. ಬೆಂಗಳೂರಿನಲ್ಲಿ ಸುಮಾರು 50 ವರ್ಷ ಸೇವೆಮಾಡಿ 1887ರಲ್ಲಿ ತೀರಿಕೊಂಡ ಬೆಂಜಮಿನ್ ರೈಸ್ ಪಾದ್ರಿಯವರು ಪಾಠಶಾಲೆಗಳನ್ನು ನಡಿಸಿ, ಸತ್ಯವೇದದ ಕನ್ನಡವನ್ನು ತಿದ್ದುವ ಕಾರ್ಯದಲ್ಲಿಯೂ ಸೇರಿದ್ದರು. ಅವರ ಪತ್ನಿಯವರು ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಶ್ರಮಿಸಿದರು. ಇಂಥ ಮನೆಯಲ್ಲಿ 1837ರ ಜುಲೈ 17ರಂದು ಲೂಯಿಸ್ ರೈಸರು ಹುಟ್ಟಿದರು.

ಇಂಗ್ಲೆಂಡಿನಲ್ಲಿ ವಿದ್ಯಾಭ್ಯಾಸ ಮುಗಿಸಿ 1860ರಲ್ಲಿ ಬೆಂಗಳೂರಿಗೆ ಹಿಂದಿರುಗಿದ ಅವರು ತಂದೆಯಂತೆ ಮಿಶನರಿಯಾಗದೆ ಉಪಾಧ್ಯಾಯರಾದರು. ಮುಂದೆ ಮೈಸೂರು ಸೀಮೆಯ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾದರು. ಹಳ್ಳಿಯ ಮಕ್ಕಳಿಗೆ ಹೋಬಳಿ ಶಾಲೆಗಳು ಬೇಕೆಂಬ ಏರ್ಪಾಟನ್ನು 1868ರಲ್ಲಿ ಸೂಚಿಸಿದವರು ಇವರೇ. ಶಾಲೆಗಳನ್ನು ನೋಡುತ್ತಾ ಊರೂರು ತಿರುಗುವಾಗ, ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯ ಮೇಲೆಯೂ ಬರಹವುಳ್ಳ ಕಲ್ಲುಗಳು ಯಾರೂ ಓದುವವರಿಲ್ಲದೆ ನಿಂತಿರುವುದು ಅವರ ಕಣ್ಣಿಗೆ ಬಿತ್ತು.

ಶಾಸನದ ಪ್ರತಿ ತೆಗೆಯುವುದು ತಾಳ್ಮೆಯ ಕೆಲಸ. ಕಲ್ಲನ್ನು ತೊಳೆದು, ನೆನೆಸಿದ ಕಾಗದವನ್ನು ಹರಡಿ, ಕುಂಚದಿಂದ ತಟ್ಟಿ, ಮಸಿ ಹಚ್ಚಬೇಕು. ಬಳಿಕ ಸವೆದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಬೇಕು. ಈ ನಾಡಿನ ಪಂಡಿತರ ಸಹಾಯದಿಂದ ರೈಸರು ಸುಮಾರು 9,000 ಶಾಸನಗಳನ್ನು 12 ಸಂಪುಟಗಳಲ್ಲಿ ಪ್ರಕಟಿಸಿದರು. ಮೊದಲನೆಯದು 1886ರಲ್ಲಿ ಹೊರಬಂದಿತು. ಹಾಸನ ಸೀಮೆಯದು 1902ರಲ್ಲಿ. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಕಲ್ಲುಗಳು ಅದರಲ್ಲಿ ಒಂದೊಂದು ಸಂಖ್ಯೆ ಹೊಂದಿ ನಿಂತಿವೆ.

ಆ ಕಲ್ಲುಗಳು ಹೇಳುವುದೇನು? ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ದೇವರನ್ನು ಪ್ರತಿಷ್ಠಿಸಿದುದು. ವೀರಬಲ್ಲಾಳನು ತೀರಿಕೊಂಡಾಗ ಕುವರ ಲಕ್ಷ್ಮನು ಕೊಟ್ಟ ಮಾತಿಗಾಗಿ ಪತ್ನಿಯೊಡನೆಯೂ ಸಂಗಡಿಗರೊಡನೆಯೂ ಪ್ರಾಣ ನೀಗಿದುದು. ಅರಸರದು ಮಾತ್ರವಲ್ಲ, ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ಕೆತ್ತಿದ ಹೆಸರುಗಳೂ ಉಳಿದಿವೆ. ಕೈಯಿಂದ ದುಡಿದವರ ಹೆಸರು ಎಂಟುನೂರು ವರ್ಷ ಕಳೆದರೂ ಅಳಿಯಲಿಲ್ಲವೆಂಬುದು ದುಡಿದು ಬಾಳುವ ನಮಗೆ ಸಣ್ಣ ಮಾತಲ್ಲ.

ಈ ಬರಹಗಳು ಜೈನರವು, ಶೈವರವು, ವೈಷ್ಣವರವು. ಪಾದ್ರಿಯ ಮಗನಾದರೂ ರೈಸರು ಅವುಗಳನ್ನು ಕಡೆಗಣಿಸಲಿಲ್ಲ. ಬರೆದುದನ್ನು ಬರೆದಂತೆಯೇ ಕೊಡಲು ಶ್ರಮಿಸಿದರು. ಪಂಪನ ಭಾರತವನ್ನೂ ಅಚ್ಚಿಗೆ ತಂದರು. ಅವರ ಓದಿನಲ್ಲಿ ತಪ್ಪುಗಳೂ ಇದ್ದವು. ಮುಂದಿನ ವಿದ್ವಾಂಸರು ಅವುಗಳನ್ನು ತಿದ್ದಿದರು. 1906ರಲ್ಲಿ ರೈಸರು ನಿವೃತ್ತರಾದಾಗ ಆ ಸ್ಥಾನಕ್ಕೆ ಆರ್. ನರಸಿಂಹಾಚಾರ್ಯರು ಬಂದರು. ತಮ್ಮನಾದ ಇ. ಪಿ. ರೈಸ್ ಪಾದ್ರಿಯವರು 1915ರಲ್ಲಿ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅಣ್ಣನು 1927ರಲ್ಲಿ ಇಂಗ್ಲೆಂಡಿನಲ್ಲಿ ತೀರಿಕೊಂಡರು.

ಇಷ್ಟು ತಿರುಗಿದವರ ಕಣ್ಣಿಗೂ ಒಂದು ಕಲ್ಲು ತಪ್ಪಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ. ಎಚ್. ಕೃಷ್ಣರವರು ಬೆಳಕಿಗೆ ತಂದರು. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಅದು ಪ್ರಸಿದ್ಧವಾಯಿತು. ಆದುದರಿಂದ ಓದುಗರೇ, ನಿಮ್ಮೂರ ಬಾವಿಯ ಬಳಿಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಅಕ್ಷರಗಳು ಕಂಡರೆ ಅದನ್ನು ಸವೆಯಗೊಡಬೇಡಿರಿ, ಬಲ್ಲವರಿಗೆ ತಿಳಿಸಿರಿ. ನೆರೆಯವನ ಹಿರಿಯರ ಮಾತನ್ನು ಕಾಪಾಡುವುದೂ ನೆರೆಯವನನ್ನು ಪ್ರೀತಿಸುವ ಒಂದು ರೀತಿಯೆಂದು ನಾವು ಎಣಿಸುತ್ತೇವೆ.