ಅಮೋಘವರ್ಷ ನೃಪತುಂಗ: ಕೆಟ್ಟ ಕಾಲದ ಹೊಣೆ ಹೊತ್ತ ದೊರೆ



ಸಮಾಜ ಕೆಟ್ಟುಹೋಯಿತು ಎಂಬ ಮಾತು ಈಗ ಎಲ್ಲ ಸಭೆಗಳಲ್ಲೂ ಕೇಳಿಬರುತ್ತದೆ. ರಾಯಚೂರಿರಲಿ, ಮಾನ್ವಿ, ದೇವದುರ್ಗವಿರಲಿ, ನಾಲ್ಕು ಮನೆಯ ಹಿರಿಯರು ಕೂಡಿದರೆ ಸಾಕು. ಹುಡುಗರು ರಾತ್ರಿ ಊಟ ಬಿಡುವುದಿಲ್ಲ, ಬಸದಿಗೆ ಬರುವುದಿಲ್ಲ, ದುಡ್ಡಿನ ಹಿಂದೆ ಬಿದ್ದಿದ್ದಾರೆ ಎಂದು ಪಟ್ಟಿ ಬೆಳೆಯುತ್ತದೆ. ಇದಕ್ಕೆ ಹೊಣೆ ಯಾರು ಎಂದರೆ ಮಾತ್ರ, ಕಾಲವೇ ಕೆಟ್ಟಿದೆ ಎಂದು ಎದ್ದುಬಿಡುತ್ತೇವೆ. ಇದೇ ಪ್ರಶ್ನೆ ಸುಮಾರು 1,200 ವರ್ಷಗಳ ಹಿಂದೆ ನಮ್ಮ ಕೃಷ್ಣಾ-ತುಂಗಭದ್ರಾ ನಡುವಿನ ಎಡೆದೊರೆ ನಾಡನ್ನೂ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಮುಂದೆ ಬಂದಿತ್ತು.

ತಂದೆ ಮೂರನೆಯ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಬರುವಾಗ ನರ್ಮದೆಯ ಬಳಿ ಶ್ರೀಭವನದಲ್ಲಿ ಬೀಡು ಬಿಟ್ಟಿದ್ದ. ಅಲ್ಲಿ ಹುಟ್ಟಿದ ಮಗು ಇವನು. 814ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹುಡುಗ. ಚಿಕ್ಕಪ್ಪನ ಮಗ ಕರ್ಕ ನೋಡಿಕೊಳ್ಳುತ್ತಿದ್ದರೂ ನಾಲ್ಕೂ ಕಡೆ ದಂಗೆ ಎದ್ದು, ಕೆಲಕಾಲ ಸಿಂಹಾಸನವೇ ಕೈತಪ್ಪಿತು. 821ರ ಹೊತ್ತಿಗೆ ಕರ್ಕನ ನೆರವಿನಿಂದ ಮತ್ತೆ ದೊರೆಯಾದ.

ಆ ದಿನಗಳ ನೆನಪು 871ರ ಸಂಜಾನ ತಾಮ್ರಪಟದಲ್ಲಿದೆ. ಆಗಲೂ ದೂರು ಕಲಿಗಾಲದ ಮೇಲೆಯೇ! ಆದರೆ ಕಲಿ ಕೆಡಿಸಿದ್ದು ಯಾರನ್ನು ಎಂದು ನೋಡಿರಿ. ಸಾಮಂತರನ್ನು, ಮಂತ್ರಿಗಳನ್ನು, ಬಂಧುಗಳನ್ನು. ಅಂದರೆ ಗಾದಿಯ ಹತ್ತಿರ ಕುಳಿತವರನ್ನು. ಒಕ್ಕಲಿಗನ ಮಕ್ಕಳು ಕೆಟ್ಟರೆಂದು ಬರೆದಿಲ್ಲ.

ಅದೇ ತಾಮ್ರಪಟದ ಇನ್ನೊಂದು ಪದ್ಯ ವ್ಯಾಪಾರಿಯಾದ ನನ್ನನ್ನು ಬಹಳ ತಟ್ಟಿತು. ದಾನಿ ಎಂದು ಹೆಸರಾದ ಒಬ್ಬ ಗುಪ್ತ ಅರಸನನ್ನು ಅಲ್ಲಿ ಹೀಗಳೆಯಲಾಗಿದೆ. ಇವನು ಎರಡನೆಯ ಚಂದ್ರಗುಪ್ತನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಣ್ಣನನ್ನು ಕೊಂದ, ಅವನ ರಾಜ್ಯವನ್ನೂ ರಾಣಿಯನ್ನೂ ಕಿತ್ತುಕೊಂಡ, ಕೊಟ್ಟದ್ದು ಲಕ್ಷವಾದರೂ ಕೋಟಿ ಎಂದು ಬರೆಸಿದ. ಕೊಲೆಯ ಸಾಲಿನಲ್ಲೇ ಸುಳ್ಳು ಲೆಕ್ಕವನ್ನೂ ಇಟ್ಟಿದ್ದಾರೆ. ನಾವು ಕಟ್ಟಡದ ಗೋಡೆಗೆ ಹಾಕಿಸುವ ದಾನಿಗಳ ಫಲಕಗಳನ್ನು ಇದನ್ನು ನೆನೆದು ಒಮ್ಮೆ ಓದಬೇಕು. ಅಮೋಘವರ್ಷನಿಗಾದರೋ ದಾನಿ ಎನಿಸಿಕೊಳ್ಳುವುದೇ ನಾಚಿಕೆ ಎಂದು ಪದ್ಯ ಮುಗಿಯುತ್ತದೆ. ಆಸ್ಥಾನದವರು ಬರೆದದ್ದು, ಹೊಗಳಿಕೆ ಇದ್ದೇ ಇರುತ್ತದೆ ಎನ್ನಬಹುದು. ನಿಜ. ಆದರೂ ಯಾವ ಗುಣವನ್ನು ಹೊಗಳಲು ಆರಿಸಿಕೊಂಡರು ಎಂಬುದು ಮುಖ್ಯವಲ್ಲವೇ?

ಪ್ರಜೆಗಳಿಗೆ ದೊಡ್ಡ ವಿಪತ್ತು ಬಂದಾಗ ಅವನು ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಅರ್ಪಿಸಿದನೆಂದೂ ಅಲ್ಲಿದೆ. ಕೊಲ್ಲಾಪುರದ ದೇವಿಯೇ ಇವಳೆಂದು ಹೇಳುತ್ತಾರೆ. ಅಂಗ ಕತ್ತರಿಸಿಕೊಳ್ಳುವುದು ನಮ್ಮ ಅಹಿಂಸೆಗೆ ಒಪ್ಪುವ ಮಾತಲ್ಲ. ಜಿನಸೇನಾಚಾರ್ಯರ ಶಿಷ್ಯ ಹೀಗೆ ಮಾಡಿದನೇ ಎಂದು ನಮ್ಮಲ್ಲಿ ಕೆಲವರು ಮುಜುಗರಪಡುತ್ತಾರೆ. ನಾನು ನೋಡುವುದು ಇಷ್ಟನ್ನೇ: ಜನರ ಪಾಪದಿಂದ ಈ ಕಷ್ಟ ಬಂತು, ಅನುಭವಿಸಲಿ ಎಂದು ಅವನು ಕೈತೊಳೆದುಕೊಳ್ಳಲಿಲ್ಲ. ಕೈಯನ್ನೇ ಒಡ್ಡಿದ.

ಯುದ್ಧಗಳು ಬಹಳ ನಡೆದವು. ಬನವಾಸಿ ನಾಡಿನ ಬಂಕೇಶ ಅವನ ಬಲಗೈ. ಗಂಗರ ಜೊತೆಗಿನ ಹಗೆ ಮಾತ್ರ ನಂಟಸ್ತನದಲ್ಲಿ ಮುಗಿಯಿತು. ಮಗಳು ಚಂದ್ರೋಬಲಬ್ಬೆಯನ್ನು ಗಂಗರ ಬೂತುಗನಿಗೆ ಕೊಟ್ಟ. ಕಾಗಿಣಾ ದಂಡೆಯ ಮಾನ್ಯಖೇಟ, ಅಂದರೆ ಈಗಿನ ಸೇಡಂ ತಾಲ್ಲೂಕಿನ ಮಳಖೇಡ, ಅವನ ರಾಜಧಾನಿಯಾಯಿತು. ಅರಬ್ ವರ್ತಕ ಸುಲೈಮಾನ್ ಬಾಗ್ದಾದಿನ ಖಲೀಫ, ಚೀನಾ ಮತ್ತು ರೋಮ್ ಚಕ್ರವರ್ತಿಗಳ ಸಾಲಿನಲ್ಲಿ ರಾಷ್ಟ್ರಕೂಟ ದೊರೆಯನ್ನು ನಾಲ್ಕನೆಯವನಾಗಿ ಎಣಿಸಿದ.

ಅವನ ಕಾಲದಲ್ಲೇ 837ರಲ್ಲಿ ಜಿನಸೇನಾಚಾರ್ಯರು ಜಯಧವಲಾ ಟೀಕೆಯನ್ನು ಪೂರ್ಣಗೊಳಿಸಿದರು. ಮಹಾವೀರಾಚಾರ್ಯರು ಗಣಿತಸಾರಸಂಗ್ರಹದ ಆರಂಭದಲ್ಲಿ ಅವನನ್ನು ಸ್ಮರಿಸಿದರು. ಶ್ರೀವಿಜಯ ಕವಿರಾಜಮಾರ್ಗ ಬರೆದ. ಕಾವೇರಿಯಿಂದ ಗೋದಾವರಿವರೆಗಿನ ಕನ್ನಡ ನಾಡನ್ನು ವರ್ಣಿಸಿದ ಆ ಕೃತಿಯಲ್ಲಿ, ಪರರ ವಿಚಾರವನ್ನೂ ಪರಧರ್ಮವನ್ನೂ ಸಹಿಸುವುದೇ ನಿಜವಾದ ಸಂಪತ್ತು ಎಂಬ ಅಭಿಪ್ರಾಯವಿದೆ. ಧರ್ಮ ಉಳಿಸುವುದೆಂದರೆ ಪಕ್ಕದವನನ್ನು ಬೈಯುವುದು ಎಂದುಕೊಂಡವರು ಓದಬೇಕು.

ಪ್ರಶ್ನೋತ್ತರ ರತ್ನಮಾಲಿಕೆಯ ಕರ್ತೃ ಯಾರೆಂಬ ಬಗ್ಗೆ ವಾದವಿದೆ. ವಿವೇಕದಿಂದ ರಾಜ್ಯ ಬಿಟ್ಟ ಅಮೋಘವರ್ಷನೇ ಅದನ್ನು ರಚಿಸಿದನೆಂದು ಅದರ ಒಂದು ಪಾಠದ ಕೊನೆಗಿದೆ. ಮೇಲಿಂದ ಮೇಲೆ ರಾಜ್ಯದಿಂದ ಹಿಂದೆ ಸರಿಯುತ್ತಿದ್ದನೆಂಬ ಸೂಚನೆ ಸಂಜಾನ ತಾಮ್ರಪಟದಲ್ಲೂ ಇದೆ.

64 ವರ್ಷಗಳ ಆಳ್ವಿಕೆ 878ರ ಸುಮಾರಿಗೆ ಮುಗಿದು, ಮಗ ಎರಡನೆಯ ಕೃಷ್ಣ ದೊರೆಯಾದ. ಜಿನಸೇನರು ಪೂರ್ತಿ ಮಾಡದೆ ಬಿಟ್ಟ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರಾಚಾರ್ಯರು ಮುಂದುವರಿಸಿದರು. ಅದರ ಉತ್ತರಭಾಗಕ್ಕೆ ಬಂಕಾಪುರದಲ್ಲಿ ಪೂಜೆ ನಡೆದಾಗ ಆ ನಾಡನ್ನು ಆಳುತ್ತಿದ್ದವನು ಬಂಕೇಶನ ಮಗ ಲೋಕಾದಿತ್ಯ.