ಹೆನ್ರಿ ಫೋರ್ಡ್ ಅವರ ಸೋಯಾ ಕಾರು: ಬೆಳೆಯಿಂದ ಬಂದ ಪ್ಲಾಸ್ಟಿಕ್ ಮಣ್ಣಲ್ಲಿ ಕರಗುತ್ತದೆಯೇ?

ಕೊಡಲಿಯಿಂದ ಹೊಡೆದರೂ ಒಡೆಯದ ಕಾರು. ಪೂರ್ತಿ ಗಾಂಜಾ ಗಿಡದ ನಾರಿನಿಂದ ಮಾಡಿದ್ದು. ಮಣ್ಣಿಗೆ ಸೇರಿದರೆ ಕರಗಿಹೋಗುವಂಥದ್ದು. ಹೆನ್ರಿ ಫೋರ್ಡ್ 1941ರಲ್ಲೇ ಇಂಥ ಕಾರು ಮಾಡಿದ್ದರು ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಇದರಲ್ಲಿ ನಿಜವೆಷ್ಟು ಎಂದು ತಿಳಿಯಲು ಅವರ ಬದುಕಿನ ಅಷ್ಟಾಗಿ ಚರ್ಚೆಯಾಗದ ಭಾಗವನ್ನು ನಾವು ನೋಡಬೇಕು.

ಹೊಲ ಬಿಟ್ಟವರು ಹೊಲದತ್ತ ತಿರುಗಿದ್ದು

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ರೈತ ಕುಟುಂಬದಲ್ಲಿ. ಹೊಲದ ದುಡಿಮೆ ಅವರಿಗೆ ಹಿಡಿಸಲಿಲ್ಲ. ಹದಿಹರೆಯದಲ್ಲೇ ಡೆಟ್ರಾಯಿಟ್‌ನ ಯಂತ್ರ ಕಾರ್ಖಾನೆಗೆ ಕೆಲಸಕ್ಕೆ ಸೇರಿದರು. 1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ, 1908ರಲ್ಲಿ ಮಾಡೆಲ್ ಟಿ ಕಾರು ಬಂದವು. 1913ರಲ್ಲಿ ಶುರುವಾದ ಚಲಿಸುವ ಜೋಡಣಾ ಸಾಲು ಕಾರನ್ನು ಸಾಮಾನ್ಯರ ಕೈಗೆಟುಕಿಸಿತು. 1920ರ ದಶಕದಲ್ಲಿ ತಮ್ಮ ಪತ್ರಿಕೆಯ ಮೂಲಕ ಯಹೂದಿಗಳ ವಿರುದ್ಧ ದ್ವೇಷ ಹರಡಿದವರೂ ಇದೇ ಫೋರ್ಡ್.

ಅದೇ ದಶಕದಲ್ಲಿ ಬೆಲೆ ಕುಸಿದು ಅಮೆರಿಕದ ರೈತರು ಕಂಗೆಟ್ಟಿದ್ದರು. ಬೆಳೆಯನ್ನು ಕಾರ್ಖಾನೆಯೂ ಕೊಂಡರೆ ರೈತ ಉಳಿಯುತ್ತಾನೆ, ರೈತ ಉಳಿದರೆ ಕಾರೂ ಮಾರಾಟವಾಗುತ್ತದೆ ಎಂಬುದು ಫೋರ್ಡ್ ಲೆಕ್ಕಾಚಾರ. 1930ರ ದಶಕದ ಆರಂಭದಲ್ಲಿ ಡಿಯರ್‌ಬಾರ್ನ್‌ನ ಪ್ರಯೋಗಾಲಯದಲ್ಲಿ ರಾಬರ್ಟ್ ಬಾಯರ್ ಎಂಬ ಯುವಕನ ತಂಡ ಹಲವು ಬೆಳೆಗಳನ್ನು ಪರೀಕ್ಷಿಸಿ ಸೋಯಾವನ್ನು ಆರಿಸಿತು. ಅದರ ಎಣ್ಣೆ ಕಾರಿನ ಬಣ್ಣಕ್ಕೆ ಹೋಯಿತು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೋಟೀನ್ ತುಂಬಿರುತ್ತದೆ. ನಮ್ಮಲ್ಲಿ ದನಗಳಿಗೆ ಹಾಕುವ ಶೇಂಗಾ ಹಿಂಡಿಯ ಹಾಗೆ. ಅದರಿಂದ ಹಾರ್ನ್ ಗುಂಡಿ, ಗೇರ್ ಹಿಡಿಯಂಥ ಪ್ಲಾಸ್ಟಿಕ್ ಬಿಡಿಭಾಗಗಳಾದವು.

ಕೊಡಲಿಯ ಕಥೆ

1940ರ ನವೆಂಬರ್‌ನಲ್ಲಿ ಫೋರ್ಡ್ ತಮ್ಮ ಕಾರಿಗೆ ಕೂಡಿಸಿದ್ದ ಪ್ಲಾಸ್ಟಿಕ್ ಡಿಕ್ಕಿ ಮುಚ್ಚಳಕ್ಕೆ ಕೊಡಲಿಯಿಂದ ಹೊಡೆದು ಪತ್ರಕರ್ತರಿಗೆ ತೋರಿಸಿದ್ದು ನಿಜ. 1941ರ ಆಗಸ್ಟ್ 13ರಂದು ಪ್ಲಾಸ್ಟಿಕ್ ಮೈಯ ಕಾರೂ ಪ್ರದರ್ಶನಗೊಂಡಿತು. ಆದರೆ ಅದರ ಚೌಕಟ್ಟು ಉಕ್ಕಿನ ಕೊಳವೆಗಳದ್ದು. ಅದರ ಮೇಲೆ 14 ಪ್ಲಾಸ್ಟಿಕ್ ಹಲಗೆಗಳನ್ನು ಕೂಡಿಸಿದ್ದರು. ತೂಕ ಸುಮಾರು 900 ಕೆ.ಜಿ.; ಉಕ್ಕಿನ ಕಾರಿಗಿಂತ 450 ಕೆ.ಜಿ.ಯಷ್ಟು ಕಡಿಮೆ. ಹಲಗೆಗಳ ನಿಖರ ಪಾಕ ದಾಖಲೆಯಾಗಿ ಉಳಿದಿಲ್ಲ. ಸೋಯಾ ಜೊತೆ ಗೋಧಿ, ಅಗಸೆ, ಗಾಂಜಾ ಗಿಡದ ನಾರಿನ ಹೆಸರುಗಳೂ ಕೇಳಿಬರುತ್ತವೆ. ಹಾಗಾಗಿ ಪೂರ್ತಿ ಗಾಂಜಾ ಕಾರು ಎಂಬ ಮಾತಿಗೆ ಆಧಾರವಿಲ್ಲ. ಎರಡನೇ ಮಹಾಯುದ್ಧದಿಂದ ಯೋಜನೆ ನಿಂತಿತು. 1947ರ ಏಪ್ರಿಲ್ 7ರಂದು ಫೋರ್ಡ್ ತೀರಿಕೊಂಡರು. ಆ ಕಾರೂ ಉಳಿಯಲಿಲ್ಲ.

ಹಾಗಾದರೆ ಅದು ಕರಗುತ್ತಿತ್ತೇ?

ಇಲ್ಲ. ಬರೀ ಸೋಯಾ ಪ್ರೋಟೀನಿನ ಪ್ಲಾಸ್ಟಿಕ್ ಒಣಗಿದರೆ ಹಪ್ಪಳದಂತೆ ಮುರಿಯುತ್ತದೆ, ಒದ್ದೆಯಾದರೆ ನೀರು ಹೀರಿ ಉಬ್ಬುತ್ತದೆ. ಈ ದೋಷ ನೀಗಿಸಲು ಬಾಯರ್ ತಂಡ ಅದಕ್ಕೆ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ನಿಂದಾಗುವ ರಾಳ ಬೆರೆಸಿತು. ಈ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ, ಮಣ್ಣಿನ ಸೂಕ್ಷ್ಮಜೀವಿಗಳೂ ಅದನ್ನು ಸುಲಭವಾಗಿ ತಿನ್ನಲಾರವು. ಫೋರ್ಡ್‌ಗೆ ಬೇಕಿದ್ದದ್ದು ಗಟ್ಟಿತನ. ಅದು ಸಿಕ್ಕಿತು, ಆದರೆ ಮಣ್ಣಿಗೆ ಮರಳುವ ಗುಣ ಹೋಯಿತು.

ಇಂದಿನ ಸಂಶೋಧಕರು ಎರಡನ್ನೂ ಉಳಿಸಿಕೊಳ್ಳಲು ನೋಡುತ್ತಿದ್ದಾರೆ. ರಾಳದ ಬದಲು ನ್ಯಾನೋ ವಸ್ತುಗಳನ್ನು ಬೆರೆಸುವುದು ಒಂದು ದಾರಿ. ಭತ್ತದ ಹುಲ್ಲು, ಕಬ್ಬಿನ ಸಿಪ್ಪೆಯಿಂದ ತೆಗೆದ ನ್ಯಾನೋ ಸೆಲ್ಯುಲೋಸ್ ಎಳೆಗಳು, ಹಸಿ ಗೋಡೆಯ ಮಣ್ಣಿಗೆ ಹುಲ್ಲು ಕಲಸಿದಂತೆ, ಪ್ರೋಟೀನನ್ನು ಹಿಡಿದಿಡುತ್ತವೆ. ಜೇಡಿಮಣ್ಣಿನ ನ್ಯಾನೋ ಪದರಗಳು ತೇವಾಂಶ ಒಳನುಗ್ಗುವ ದಾರಿಯನ್ನು ಸುತ್ತುಬಳಸಾಗಿಸುತ್ತವೆ. ತೂಕದಲ್ಲಿ ಶೇ. 5ರೊಳಗೆ ಬೆರೆಸಿದರೂ ಬಲ ಹೆಚ್ಚುತ್ತದೆ. ಅತಿಯಾದರೆ ಗಂಟುಗಟ್ಟಿ ಅಲ್ಲಿಂದಲೇ ಬಿರುಕು ಬಿಡುತ್ತದೆ. ತೇವದ ಸಮಸ್ಯೆ ತಗ್ಗಿದೆಯೇ ಹೊರತು ಪೂರ್ತಿ ಹೋಗಿಲ್ಲ.

ಆದ್ದರಿಂದ ಯಾವುದೇ ಚೀಲ, ತಟ್ಟೆಯ ಮೇಲೆ ಸಸ್ಯಮೂಲದ್ದು ಎಂದು ಬರೆದಿದ್ದರೆ ಅದು ಎಲ್ಲಿಂದ ಬಂತು ಎಂದಷ್ಟೇ ಗೊತ್ತಾಗುತ್ತದೆ. ಎಲ್ಲಿಗೆ ಹೋಗುತ್ತದೆ, ಎಷ್ಟು ದಿನದಲ್ಲಿ ಗೊಬ್ಬರವಾಗುತ್ತದೆ ಎಂಬುದನ್ನು ನಾವು ಬೇರೆಯಾಗಿಯೇ ಕೇಳಬೇಕು.